ಆಟಕ್ಕೆ ಎಷ್ಟು ಬಲ ಬೇಕು?

ಆಟವೆಂದರೆ ಬಿಡುವಿದ್ದವರ ಚಪಲವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಉಡುಪಿಯಿಂದ ಕುಂದಾಪುರದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ, ಕಲ್ಯಾಣಪುರದ ಮಗ್ಗುಲಿಗಿರುವ ಸಂತೆಕಟ್ಟೆಯಲ್ಲಿ ಆಟವನ್ನೇ ಉದ್ಯೋಗವಾಗಿ ಮಾಡಿಕೊಂಡವರು ಉಂಟು. ರೋಹಿತ್ ಭಟ್ಟರು 1996ರಲ್ಲಿ ಉಡುಪಿಯಲ್ಲಿ ಆರಂಭಿಸಿದ ರೋಬೋಸಾಫ್ಟ್ ಸಂಸ್ಥೆಯು ಬೆಳೆದು ನಿಂತದ್ದು ಇದೇ ಊರಿನಲ್ಲಿ. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಸಂಸ್ಥೆಯು ಅದನ್ನು ಕೊಂಡಿತು. ರೋಬೋಸಾಫ್ಟಿನ ಒಡಲಿನಿಂದ ಹುಟ್ಟಿದ ನೈಂಟಿನೈನ್ ಗೇಮ್ಸ್ ಮೊಬೈಲಿನಲ್ಲಿ ಆಡುವ ಆಟಗಳನ್ನು ಹೆಣೆಯಿತು. 2014ರಲ್ಲಿ ಹೊರಬಂದ ಅದರ ‘ಸ್ಟಾರ್ ಷೆಫ್’ ಅಡಿಗೆಯ ಆಟ. ಅಡಿಗೆಗೆ ಹೆಸರಾದ ಉಡುಪಿಯಿಂದ ಅಡಿಗೆಯ ಆಟವೇ ಲೋಕಸಂಚಾರಕ್ಕೆ ಹೊರಟದ್ದು ಯೋಗ್ಯವಾಗಿಯೇ ಇದೆ.

ಈ ಆಟಗಳು ಅಂಗಿಯ ಜೇಬಿನಲ್ಲಿ ಹಿಡಿಸುವ ಯಂತ್ರಕ್ಕಾಗಿ ಮಾಡಿದವು. ಟೆಲಿವಿಷನ್ನಿನ ಕೆಳಗೆ ಸಿಂಹಾಸನ ಹಾಕಿ ಕೂರುವ ದೊಡ್ಡ ಪೆಟ್ಟಿಗೆಗಳ ಲೋಕವೇ ಬೇರೆ. ಆ ಲೋಕದಲ್ಲಿ ಏಳೆಂಟು ವರ್ಷಕ್ಕೊಮ್ಮೆ ಹೊಸ ತಲೆಮಾರು ಹುಟ್ಟುತ್ತದೆ. ಹುಟ್ಟುವುದಕ್ಕೆ ಎಷ್ಟೋ ಮೊದಲೇ, ಮುಂದಿನ ಪೆಟ್ಟಿಗೆಗೆ ಎಷ್ಟು ಬಲವಿರಬೇಕು ಎಂಬ ವಾದ ಏಳುತ್ತದೆ. ಮಗು ಹುಟ್ಟುವ ಮುನ್ನವೇ ಜಾತಕ ಬರೆಸುವ ಉತ್ಸಾಹವಿದು.

ಬಲದ ಲೆಕ್ಕವೇನು ಸಣ್ಣದಲ್ಲ. 1977ರಲ್ಲಿ ಅಮೆರಿಕದ ಮನೆಗಳಿಗೆ ಬಂದ ಅಟಾರಿ ಪೆಟ್ಟಿಗೆಯ ನೆನಪಿನ ಶಕ್ತಿ ಒಟ್ಟು 128 ಬೈಟು. ಈ ಪುಟದ ಒಂದು ವಾಕ್ಯವನ್ನು ಅದರಲ್ಲಿ ತುಂಬಲು ಹೋದರೆ ಬಾಲ ಹೊರಗೇ ಉಳಿದೀತು. 1983ರಲ್ಲಿ ಜಪಾನಿನ ನಿಂಟೆಂಡೋ ತಂದ ಪೆಟ್ಟಿಗೆಗೆ ಇದ್ದದ್ದು 2 ಕಿಲೋಬೈಟು. 2013ರ ಪ್ಲೇಸ್ಟೇಷನ್ 4ಕ್ಕೆ 8 ಗಿಗಾಬೈಟು; 2020ರ ಪ್ಲೇಸ್ಟೇಷನ್ 5ಕ್ಕೆ 16. ಲೆಕ್ಕ ಮಾಡುವ ವೇಗವನ್ನಂತೂ ಟೆರಾಫ್ಲಾಪ್ ಎಂಬ ಮಾನದಿಂದ ಅಳೆಯುತ್ತಾರೆ; ಒಂದು ಟೆರಾಫ್ಲಾಪ್ ಎಂದರೆ ಸೆಕೆಂಡಿಗೆ ಒಂದು ಲಕ್ಷ ಕೋಟಿ ಲೆಕ್ಕ. ಪ್ಲೇಸ್ಟೇಷನ್ 4ರ ಬಲ 1.84, ಅದರ ತಮ್ಮನದು 10.28.

ಸಂತೆಕಟ್ಟೆಯ ಒಂದು ಮನೆಗೆ ಈ ಎರಡು ಸಂಖ್ಯೆಗಳು 2022ರ ಮಳೆಗಾಲದಲ್ಲಿ ಕಾಲಿಟ್ಟವು. ಮನೆಯ ಯಜಮಾನರು ನಿವೃತ್ತ ಗಣಿತದ ಮಾಸ್ತರರು. ಮಗ ದುಬಾಯಿಯಲ್ಲಿ, ಪಿ.ಯು.ಸಿ. ಓದುವ ಮೊಮ್ಮಗ ಅಜ್ಜ-ಅಜ್ಜಿಯ ಜತೆಯಲ್ಲಿ. ತಂದೆ-ಮಗ ಮುಖಾಮುಖಿಯಾಗುತ್ತಿದ್ದದ್ದು ವರ್ಷಕ್ಕೊಂದು ಸಲ. ಆದರೆ ಪ್ರತಿ ಭಾನುವಾರ ಸಂಜೆ ಇಬ್ಬರೂ ತಂತಮ್ಮ ಪೆಟ್ಟಿಗೆಗಳ ಮುಂದೆ ಕುಳಿತು, ಸಮುದ್ರದ ಆಚೆ-ಈಚೆಯಿಂದ ಒಂದೇ ಮೈದಾನದಲ್ಲಿ ಕಾಲ್ಚೆಂಡು ಆಡುತ್ತಿದ್ದರು. ಆಟದ ನಡುವೆ ಪರೀಕ್ಷೆಯ ಮಾತು, ಅಜ್ಜಿಯ ಮಂಡಿನೋವಿನ ಮಾತು, ತೋಟದಲ್ಲಿ ಬಿದ್ದ ಅಡಿಕೆ ಮರದ ಮಾತು ಎಲ್ಲವೂ ಬರುತ್ತಿದ್ದವು. ಫೋನಿನಲ್ಲಿ ‘ಚೆನ್ನಾಗಿದ್ದೀಯಾ?’ ಎಂದು ಕೇಳಿದರೆ ‘ಹೂಂ’ ಎಂದಷ್ಟೇ ಹೇಳುವ ಹುಡುಗ, ಚೆಂಡಿನ ಹಿಂದೆ ಓಡುವಾಗ ಮಾತ್ರ ಮನಸ್ಸು ಬಿಚ್ಚುತ್ತಿದ್ದ.

ಹೀಗಿರಲಾಗಿ ತಂದೆಯು ಹೊಸ ಪೆಟ್ಟಿಗೆಯನ್ನು ಕೊಂಡನು. ಅಂದಿನಿಂದ ಮೈದಾನ ಎರಡಾಯಿತು. ಆಟ ಅದೇ, ಹೆಸರು ಅದೇ. ಆದರೆ ಹೊಸ ಯಂತ್ರದ ಆವೃತ್ತಿಯವನು ಹಳೆಯ ಯಂತ್ರದ ಆವೃತ್ತಿಯವನೊಡನೆ ಆಡುವಂತಿರಲಿಲ್ಲ. ಎರಡು ಭಾನುವಾರ ಪೆಟ್ಟಿಗೆ ಮೌನವಾಗಿ ಕುಳಿತಿತು. ಮೂರನೆಯ ಭಾನುವಾರ ಹುಡುಗ ಅಜ್ಜನ ಬಳಿಗೆ ಬಂದ.

“ಅಜ್ಜ, ಅಪ್ಪನ ಪೆಟ್ಟಿಗೆಯ ಬಲ 10.28. ನಮ್ಮದು 1.84. ಹೊಸತು ಬೇಕು.”

“ಬೆಲೆ ಎಷ್ಟು ಮಗಾ?”

“49,990.”

ಮಾಸ್ತರರು ಬೇಡವೆನ್ನಲಿಲ್ಲ. ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆಯನ್ನು ಹರಿದು, ಬೆನ್ನು ತಿರುಗಿಸಿ, ಪೆನ್ಸಿಲು ತೆಗೆದುಕೊಂಡರು. “ಈ ಬಲವೆಲ್ಲ ಎಲ್ಲಿಗೆ ಹೋಗುತ್ತದೆ, ಹೇಳು,” ಎಂದರು. ಹುಡುಗ ಬಲ್ಲವನಾಗಿದ್ದ, ಹೇಳಿದ. ಅಜ್ಜ ಬರೆದುಕೊಂಡರು.

ಹಳೆಯ ಪೆಟ್ಟಿಗೆಯ ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಬಿಂದುಗಳು. ಗುಣಿಸಿದರೆ 20 ಲಕ್ಷ 73 ಸಾವಿರದ 600. ಸೆಕೆಂಡಿಗೆ 30 ಚಿತ್ರವೆಂದು ಹಿಡಿದರೆ 6 ಕೋಟಿ 22 ಲಕ್ಷ ಬಿಂದುಗಳನ್ನು ಪ್ರತಿ ಸೆಕೆಂಡೂ ಬರೆಯಬೇಕು. 1.84 ಲಕ್ಷ ಕೋಟಿ ಲೆಕ್ಕವನ್ನು ಇವಕ್ಕೆ ಹಂಚಿದರೆ ತಲೆಗೆ 29 ಸಾವಿರಕ್ಕೂ ಮಿಕ್ಕಿ ಬರುತ್ತದೆ. ಇನ್ನು ಹೊಸ ಪೆಟ್ಟಿಗೆ. ಅದರ ಚಿತ್ರ 3840ಕ್ಕೆ 2160. ಅಂದರೆ ಬಿಂದುಗಳು ನಾಲ್ಕು ಪಟ್ಟು. ಸೆಕೆಂಡಿಗೆ 60 ಚಿತ್ರವೆಂದರೆ ಮತ್ತೆ ಎರಡು ಪಟ್ಟು. ಒಟ್ಟು 49 ಕೋಟಿ 76 ಲಕ್ಷ ಬಿಂದು. 10.28 ಲಕ್ಷ ಕೋಟಿಯನ್ನು ಇವಕ್ಕೆ ಹಂಚಿದಾಗ ತಲೆಗೆ ಬಂದದ್ದು 20 ಸಾವಿರ ಚಿಲ್ಲರೆ.

ಹುಡುಗ ಹಾಳೆಯನ್ನು ಎಳೆದುಕೊಂಡು ಮತ್ತೊಮ್ಮೆ ಭಾಗಿಸಿದ. ಉತ್ತರ ಬದಲಾಗಲಿಲ್ಲ. ಬಲವೇನೋ ಐದೂವರೆ ಪಟ್ಟು ಹೆಚ್ಚಿತ್ತು. ಉಣ್ಣುವ ಬಾಯಿಗಳು ಎಂಟು ಪಟ್ಟಾಗಿದ್ದವು. ಸಂಬಳ ಏರಿದಂತೆ ಖರ್ಚು ಅದಕ್ಕಿಂತ ವೇಗವಾಗಿ ಏರಿದ ಸಂಸಾರದಂತೆ, ದೊಡ್ಡ ಯಂತ್ರದ ಒಂದೊಂದು ಬಿಂದುವೂ ಚಿಕ್ಕ ಯಂತ್ರದ ಬಿಂದುವಿಗಿಂತ ಬಡವಾಗಿತ್ತು. ಇದು ಸ್ಥೂಲವಾದ ಲೆಕ್ಕ, ನಿಜ. ಹೊಸ ಯಂತ್ರದ ಒಂದು ಲೆಕ್ಕ ಹಳೆಯದರ ಒಂದಕ್ಕಿಂತ ಹೆಚ್ಚು ಕೆಲಸ ಮಾಡೀತು. ಎಲ್ಲ ಆಟಗಳೂ ಅಷ್ಟು ಬಿಂದುಗಳನ್ನು ತುಂಬುವುದೂ ಇಲ್ಲ. ಆದರೂ ಬಲದ ಒಂದು ಸಂಖ್ಯೆಯನ್ನು ಮಾತ್ರ ನೋಡಿ ತಲೆದೂಗುವುದು ತಪ್ಪೆಂದು ತೋರಿಸಲು ಅಷ್ಟು ಸಾಕಾಗಿತ್ತು.

“ಹಾಗಾದರೆ ಹೊಸದರಲ್ಲಿ ಲಾಭವೇ ಇಲ್ಲವೇ ಅಜ್ಜ?” ಎಂದ ಹುಡುಗ, ಸೋಲೊಪ್ಪದೆ ಇನ್ನೊಂದು ಅಂಕಿಯನ್ನು ಮುಂದಿಟ್ಟ. ಹಳೆಯ ಪೆಟ್ಟಿಗೆಯ ಉಗ್ರಾಣ ತಿರುಗುವ ತಟ್ಟೆಯದು. ಸೆಕೆಂಡಿಗೆ ಸುಮಾರು ನೂರು ಮೆಗಾಬೈಟು ಸಾಮಾನು ತಂದುಕೊಟ್ಟರೆ ಹೆಚ್ಚು. ಹೊಸದರ ಉಗ್ರಾಣದಲ್ಲಿ ತಿರುಗುವುದೇ ಇಲ್ಲ, ಸೆಕೆಂಡಿಗೆ 5.5 ಗಿಗಾಬೈಟು ಬಂದು ಬೀಳುತ್ತದೆ. ಈ ಮಾತು ಮಾಸ್ತರರಿಗೆ ಕೂಡಲೇ ಹಿಡಿಸಿತು. ಉಡುಪಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಗೆಯವನು ಎಷ್ಟು ಚುರುಕಾದರೇನು, ಉಗ್ರಾಣದಿಂದ ತೆಂಗಿನಕಾಯಿ ತರುವವನು ನಿಧಾನಿಯಾದರೆ ಪಂಕ್ತಿ ಎಲೆ ಹಾಕಿಕೊಂಡು ಕಾಯಲೇಬೇಕು. ಪ್ಲೇಸ್ಟೇಷನ್ 5ರಿಂದ ಆಡುವವನಿಗೆ ಆದ ನಿಜವಾದ ಉಪಕಾರ ಕಾಯುವಿಕೆ ಕಡಿಮೆಯಾದದ್ದು ಎಂದರೆ ತಪ್ಪಾಗಲಾರದು.

ಅಜ್ಜಿ ಆಗ ಜಗಲಿಯಲ್ಲಿ ಚೆನ್ನೆಮಣೆಯನ್ನು ಒರಸುತ್ತಿದ್ದರು. ಆಟಿ ತಿಂಗಳ ಮಳೆಯಲ್ಲಿ ಚೆನ್ನೆಮಣೆ ಅಟ್ಟದಿಂದ ಇಳಿಯುವುದು ತುಳುನಾಡಿನ ವಾಡಿಕೆ. ಎರಡು ಸಾಲಿನಲ್ಲಿ 14 ಕುಳಿಗಳು, ಕುಳಿಗೆ ನಾಲ್ಕರಂತೆ 56 ಕಾಯಿಗಳು, ಯಂತ್ರಾಂಶವೆಂದರೆ ಇಷ್ಟೇ. ಪ್ರತಿ ಕುಳಿಯ ಲೆಕ್ಕಕ್ಕೆ ಒಂದು ಬೈಟಿನಂತೆ ಇಟ್ಟರೆ ಆ ಹಳೆಯ ಅಟಾರಿಯ 128 ಬೈಟಿನಲ್ಲಿ ಒಂಬತ್ತು ಚೆನ್ನೆಮಣೆಗಳು ಹಿಡಿಸಿ ಎರಡು ಬೈಟು ಮಿಗುತ್ತದೆ. ಹಾಗೆಂದು ಅದರ ಆವೇಶವೇನೂ ಕಡಿಮೆಯದಲ್ಲ. ಅಬ್ಬಗ-ದಾರಗರೆಂಬ ಅವಳಿ ಅಕ್ಕತಂಗಿಯರು ಚೆನ್ನೆಯಾಡುತ್ತ ಜಗಳಕ್ಕೆ ಬಿದ್ದು ಪ್ರಾಣವನ್ನೇ ಕಳೆದುಕೊಂಡ ಕಥೆಯನ್ನು ತುಳು ಪಾಡ್ದನಗಳು ಹಾಡುತ್ತವೆ. ಒಡಹುಟ್ಟಿದವರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆಯೂ ಇದೆ. ವಿದ್ಯುತ್ತಿಲ್ಲದ ಒಂದು ಮರದ ಹಲಗೆ ಇಷ್ಟು ಮಾಡಬಲ್ಲದಾದರೆ ಆಟದ ಬಲ ಪೆಟ್ಟಿಗೆಯಲ್ಲಿದೆ ಎನ್ನುವುದು ಹೇಗೆ?

ಆದರೆ ಹುಡುಗ ಬುದ್ಧಿವಂತ. “ಅಜ್ಜ, ಯಕ್ಷಗಾನಕ್ಕೆ ದೊಂದಿಯ ಬೆಳಕೇ ಸಾಕಾಗಿದ್ದರೆ ಗ್ಯಾಸ್‌ಲೈಟು ಯಾಕೆ ಬಂತು? ಅದಾದ ಮೇಲೆ ಕರೆಂಟು ಯಾಕೆ ಬಂತು?” ಎಂದು ಕೇಳಿದ.

ಪ್ರಶ್ನೆ ಸಾಚಾ ಆಗಿತ್ತು. ಬಯಲಾಟದ ರಂಗದಲ್ಲಿ ಒಂದು ಮರದ ಪೀಠವಿರುತ್ತದೆ. ಅದಕ್ಕೆ ರಥವೆಂದು ಹೆಸರು. ಅದೇ ಸಿಂಹಾಸನ, ಅದೇ ರಥ. ಉಳಿದದ್ದನ್ನು ಭಾಗವತರ ಕಂಠವೂ ಚೆಂಡೆಯೂ ನೋಡುವವನ ಮನಸ್ಸೂ ಕಟ್ಟಿಕೊಡುತ್ತವೆ. ಆದರೂ ದೊಂದಿಯ ಮಿಣುಕಿನಲ್ಲಿ ಕೊನೆಯ ಸಾಲಿನವನಿಗೆ ವೇಷದ ಕಣ್ಣು ಕಾಣುತ್ತಿರಲಿಲ್ಲ; ಬೆಳಕು ಹೆಚ್ಚಿದಾಗ ಕಂಡಿತು. ಅದು ಅಲಂಕಾರವಲ್ಲ, ನ್ಯಾಯ. ಆಟದ ಪೆಟ್ಟಿಗೆಗಳ ಇತಿಹಾಸದಲ್ಲಿಯೂ ಅಂಥ ನ್ಯಾಯದ ಹೆಜ್ಜೆಗಳಿವೆ. 1990ರ ದಶಕದ ನಡುವಿನಲ್ಲಿ ಯಂತ್ರಗಳಿಗೆ ಮೂರು ಆಯಾಮಗಳನ್ನು ಬರೆಯುವ ಬಲ ಬಂದಾಗ, ಅದಕ್ಕೂ ಹಿಂದೆ ಸಾಧ್ಯವೇ ಇಲ್ಲದಿದ್ದ ಆಟಗಳು ಹುಟ್ಟಿದವು. 1996ರ ‘ಸೂಪರ್ ಮಾರಿಯೋ 64’ ಅದಕ್ಕೆ ಸಾಕ್ಷಿ. ಬಲ ಬೇಡವೆಂದವನು ಅದನ್ನೂ ಬೇಡವೆಂದಂತಾಗುತ್ತದೆ.

ಇದರ ಎದುರಿಗೆ ಇನ್ನೊಂದು ಸಾಕ್ಷಿಯೂ ಇದೆ. 1989ರಲ್ಲಿ ನಿಂಟೆಂಡೋದ ಗುನ್‌ಪೇ ಯೋಕೋಯಿ ಮತ್ತು ಸಂಗಡಿಗರು ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರವನ್ನು ತಂದರು. ಬಣ್ಣವಿಲ್ಲ, ಪರದೆಗೆ ಬೆಳಕಿಲ್ಲ, 160ಕ್ಕೆ 144 ಬಿಂದು. ಹಳತಾಗಿ ಅಗ್ಗವಾದ ತಂತ್ರವನ್ನು ಹೊಸ ರೀತಿಯಲ್ಲಿ ಬಳಸಬೇಕೆಂಬುದು ಯೋಕೋಯಿಯವರ ಸಿದ್ಧಾಂತ. ಎದುರಾಳಿಯಾದ ಸೆಗಾದ ಗೇಮ್ ಗಿಯರ್ ಬಣ್ಣಬಣ್ಣದ್ದು, ಬಲಶಾಲಿ. ಆದರೆ ಆರು ಸೆಲ್ಲುಗಳನ್ನು ಕೆಲವೇ ಗಂಟೆಗಳಲ್ಲಿ ಕುಡಿದುಬಿಡುತ್ತಿತ್ತು. ನಾಲ್ಕು ಸೆಲ್ಲಿನಲ್ಲಿ ಹತ್ತು ಗಂಟೆಗೂ ಮೀರಿ ನಡೆಯುತ್ತಿದ್ದ ಬಡ ಗೇಮ್ ಬಾಯ್, ಮುಂದೆ ಬಂದ ತನ್ನ ಬಣ್ಣದ ತಮ್ಮನೊಡನೆ ಕೂಡಿ, 11 ಕೋಟಿಗೂ ಮಿಕ್ಕಿ ಮಾರಾಟವಾಯಿತು. 2006ರಲ್ಲಿಯೂ ಅದೇ ಕಥೆ: ಪ್ಲೇಸ್ಟೇಷನ್ 3ರ ಎದುರು ಬಲಹೀನವಾಗಿದ್ದ ನಿಂಟೆಂಡೋ ವೀ 10 ಕೋಟಿ ದಾಟಿತು. ಅದರ ಹಿಡಿಯನ್ನು ಬೀಸಿ ಆಡಲು ಅಜ್ಜಿಯರಿಗೂ ಬರುತ್ತಿತ್ತು. ಅದೇ ಅದರ ಬಲ.

ಮಾಸ್ತರರು ಹಾಳೆಯ ತುದಿಯಲ್ಲಿ ಇನ್ನೊಂದು ಲೆಕ್ಕ ಮಾಡಿದರು. ಮುಂದಿನ ಪೆಟ್ಟಿಗೆ ಇನ್ನೂ ನಾಲ್ಕು ಪಟ್ಟು ಬಿಂದುಗಳಿಗೆ ಕೈ ಹಾಕಿ, ಪ್ರತಿ ಬಿಂದುವಿಗೂ ಹಳೆಯ 29 ಸಾವಿರದ ಪಾಲನ್ನೇ ಕೊಡಹೊರಟರೆ ಸುಮಾರು 59 ಟೆರಾಫ್ಲಾಪ್ ಬೇಕು. ಆಡುವಾಗ ಸುಮಾರು 200 ವಾಟ್ ಉಣ್ಣುವ ಇಂದಿನ ಪೆಟ್ಟಿಗೆಯ ಲೆಕ್ಕದಲ್ಲಿ, ತಂತ್ರ ಸುಧಾರಿಸದೆ ಹೋದರೆ, ಅದು 1,100 ವಾಟ್ ದಾಟುತ್ತದೆ. “ಇದು ಆಟದ ಪೆಟ್ಟಿಗೆಯಲ್ಲ ಮಗಾ, ಇಸ್ತ್ರಿಪೆಟ್ಟಿಗೆ,” ಎಂದರು.

ತಂತ್ರ ಸುಧಾರಿಸದೆ ಇರುವುದಿಲ್ಲ. ಆದರೆ ಸುಧಾರಣೆ ಹಿಂದಿನಂತೆ ಅಗ್ಗವಾಗಿಲ್ಲ. 2000ದಲ್ಲಿ ಅಮೆರಿಕದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2009ರ ಹೊತ್ತಿಗೆ 99ಕ್ಕೆ ಇಳಿದಿತ್ತು. ಪ್ಲೇಸ್ಟೇಷನ್ 5 ಹಳತಾಗುತ್ತ ದುಬಾರಿಯಾಯಿತು. ಭಾರತದಲ್ಲಿ 2022ರ ನವೆಂಬರಿನಲ್ಲಿ ಅದರ ಬೆಲೆ 54,990ಕ್ಕೆ ಏರಿತು. ಆದ್ದರಿಂದಲೇ ಯಂತ್ರ ಕಟ್ಟುವವರು ಬೇರೆ ದಾರಿ ಹಿಡಿದಿದ್ದಾರೆ. 2024ರ ಪ್ಲೇಸ್ಟೇಷನ್ 5 ಪ್ರೋದಲ್ಲಿ 16.7 ಟೆರಾಫ್ಲಾಪ್ ಬಲವಿದ್ದರೂ, ಅದು ಎಲ್ಲ ಬಿಂದುಗಳನ್ನೂ ತಾನೇ ಬರೆಯುವ ಹಟ ಹಿಡಿಯುವುದಿಲ್ಲ. ಕಡಿಮೆ ಬಿಂದುಗಳನ್ನು ಬರೆದು ಉಳಿದವನ್ನು ಕಲಿತ ಬುದ್ಧಿಯಿಂದ ಊಹಿಸಿ ತುಂಬುತ್ತದೆ. ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವವರಿಗೆ ಈ ಯುಕ್ತಿ ಹೊಸದೇನಲ್ಲ.

ಇನ್ನು ಸಂತೆಕಟ್ಟೆಯ ಮನೆಯ ವ್ಯಾಜ್ಯ. ಹಾಳೆ ತುಂಬಿದ ಮೇಲೆ ಮಾಸ್ತರರು ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪನ ಹೊಸ ಪೆಟ್ಟಿಗೆಯಲ್ಲಿ ಹಳೆಯ ಆವೃತ್ತಿ ನಡೆಯುವುದಿಲ್ಲವೇ?” ನಡೆಯುತ್ತದೆ; ಪ್ಲೇಸ್ಟೇಷನ್ 4ರ ಆಟಗಳು ಬಹುಪಾಲು ಐದರಲ್ಲಿಯೂ ನಡೆಯುತ್ತವೆ. “ಮತ್ತೆ ಅಪ್ಪನಿಗೆ ಹೇಳಲಿಲ್ಲವೇಕೆ?” ಹುಡುಗ ನೆಲ ನೋಡಿದ. ಅಪ್ಪ ಅಷ್ಟು ಆಸೆಯಿಂದ ಹೊಸತನ್ನು ಕೊಂಡಿರುವಾಗ ಹಳೆಯದನ್ನು ಆಡೆಂದು ಹೇಳುವುದು ಹೇಗೆ ಎಂಬ ಸಂಕೋಚ ಅವನದು. ದುಬಾಯಿಯ ತಂದೆಯಾದರೋ, ಮಗನು ದೊಡ್ಡವನಾದ, ತನ್ನೊಡನೆ ಆಡುವ ಆಸೆ ತೀರಿತೇನೋ ಎಂದು ಬಗೆದು ಎರಡು ವಾರ ಸುಮ್ಮನಿದ್ದ. ಫೋನು ಮಾಡಿದವರು ಅಜ್ಜನೇ. ಆ ಸಂಜೆ ಹತ್ತು ಟೆರಾಫ್ಲಾಪಿನ ಯಂತ್ರವು ತಲೆ ತಗ್ಗಿಸಿ ಎರಡು ಟೆರಾಫ್ಲಾಪಿನ ಬಾಗಿಲಿನಿಂದ ಒಳಗೆ ಬಂತು. ಮಗ ಮೂರು ಗೋಲಿನಿಂದ ಗೆದ್ದ. ತಂದೆ ಹಳೆಯ ಆಟದ ಅಭ್ಯಾಸ ತಪ್ಪಿತೆಂದು ನೆವ ಹೇಳಿದ.

ಮುಂದಿನ ತಲೆಮಾರಿನ ಪೆಟ್ಟಿಗೆಗೆ ಎಷ್ಟು ಬಲ ಬೇಕೆಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುವವರು ಬಹಳ ಮಂದಿ ಇದ್ದಾರೆ, ಕೊಡಲಿ. ಸೆಕೆಂಡಿಗೆ 60 ಚಿತ್ರ ಬೇಕಾದರೆ ಒಂದೊಂದೂ 17 ಮಿಲಿಸೆಕೆಂಡಿನೊಳಗೆ ಮುಗಿಯಬೇಕು, ಅಷ್ಟು ಬಲ ಬೇಕು. ಕೊಠಡಿ ಕಾಯಬಾರದು, ಆಡುವವನು ಕಾದಿರಬಾರದು, ಅಷ್ಟು ಮಿತಿಯೂ ವೇಗವೂ ಬೇಕು. ಮಧ್ಯಮ ವರ್ಗದ ಮನೆಯವನು ಸಾಲ ಮಾಡದೆ ತರುವಂತಿರಬೇಕು. ಇವೆಲ್ಲದರ ಮೇಲೆ, ಹೊಸ ಪೆಟ್ಟಿಗೆಯವನು ಹಳೆಯ ಪೆಟ್ಟಿಗೆಯವನ ಜತೆಯಲ್ಲಿ ಕೂತು ಆಡಲು ಬರಬೇಕು. ಮೊಬೈಲಿನ ಆಟ ಹೆಣೆಯುವವರಿಗೆ ಇದು ದಿನನಿತ್ಯದ ಪಾಠ. ಅವರ ಆಟಕ್ಕೆ ಬರುವವನ ಕೈಯಲ್ಲಿ ಯಾವ ಫೋನಿದ್ದೀತೆಂದು ಅವರು ನಿಶ್ಚಯಿಸಲಾರರು. ದೊಡ್ಡ ಪೆಟ್ಟಿಗೆ ಕಟ್ಟುವವರೂ ಆ ಪಾಠವನ್ನು ಕಲಿತರೆ ಒಳ್ಳೆಯದು. ಆಟಕ್ಕೆ ಎದುರಾಳಿ ಬೇಕು. ಎದುರಾಳಿಯನ್ನು ಯಾವ ಕಾರ್ಖಾನೆಯೂ ತಯಾರಿಸುವುದಿಲ್ಲ.