ಒಂದು ಲೋಟ ಕಾಫಿಗೆ ಎರಡು ಯಂತ್ರ

ನಮ್ಮ ಮನೆಯಲ್ಲಿ ಎರಡು ತಿಂಗಳಿಂದ ಕಾಫಿ ಕುಡಿಯುವುದಕ್ಕಿಂತ ಕಾಫಿಯ ಮಾತೇ ಹೆಚ್ಚಾಗಿದೆ. ಮಗನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಕೈಗೆ ಬಂದ ಶನಿವಾರವೇ ಮುಲುಂಡಿನ ಮನೆಗೆ ಬಂದವನು, ನಮಗೆಲ್ಲ ಸೇರಿ ಒಂದು ಎಸ್ಪ್ರೆಸೊ ಯಂತ್ರ ಕೊಡಿಸುತ್ತೇನೆಂದು ಘೋಷಿಸಿದ. ನಮ್ಮ ಕಾಲದಲ್ಲಿ ಮೊದಲ ಸಂಬಳಕ್ಕೆ ಗೊತ್ತಾದ ದಾರಿಗಳಿದ್ದವು: ಅಮ್ಮನಿಗೆ ಸೀರೆ, ಅಪ್ಪನಿಗೆ ಪಂಚೆ, ದೇವರಿಗೆ ಒಂದು ಬೆಳ್ಳಿಯ ದೀಪ. ಈಗಿನವರ ದಾರಿ ಬೇರೆ. ಬೇಡವೆಂದರೆ ಹುಡುಗ ನೊಂದುಕೊಳ್ಳುತ್ತಾನೆ. ಆಗಲಿ ಎಂದರೆ ಅದನ್ನು ಇಡುವುದೆಲ್ಲಿ? ಮುಂಬಯಿಯ ಅಡುಗೆಮನೆಗಳ ಅಳತೆ ಓದುಗರಿಗೆ ಗೊತ್ತೇ ಇದೆ. ಕಟ್ಟೆಯ ಮೇಲೆ ಮಿಕ್ಸಿ, ಗ್ಯಾಸಿನ ಒಲೆ, ನೀರಿನ ಕೊಡ ಹೋಗಿ ಉಳಿದದ್ದು ಒಂದು ಮೊಳ ಜಾಗ. ಅಲ್ಲಿ ಹಿತ್ತಾಳೆಯ ಫಿಲ್ಟರು ಕೂತಿದೆ. ಅದನ್ನು ಎಬ್ಬಿಸಿದರೆ ಮಾತ್ರ ಯಂತ್ರಕ್ಕೆ ಸ್ಥಳ.

ಆ ಫಿಲ್ಟರು ಅಮ್ಮನದು. ಅಮ್ಮನೆಂದರೆ ನಮ್ಮಿಬ್ಬರಲ್ಲಿ ಒಬ್ಬರಿಗೆ ತಾಯಿ, ಇನ್ನೊಬ್ಬರಿಗೆ ಅತ್ತೆ. ಇಬ್ಬರೂ ಕರೆಯುವುದು ಅಮ್ಮ ಎಂದೇ. 1969ರಲ್ಲಿ ಮದುವೆಯಾಗಿ ಹಾಸನದಿಂದ ಈ ಊರಿಗೆ ಬರುವಾಗ ಅದನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಸುತ್ತಿಟ್ಟು ತಂದಿದ್ದರಂತೆ. ದಿನಕ್ಕೆ ಮೂರು ಲೋಟ ಅವರ ಲೆಕ್ಕ. ಹೋದ ವರ್ಷ ಎದೆಬಡಿತ ಏರುಪೇರಾಗಿ, ಡಾಕ್ಟರು ಮೂರನ್ನು ಒಂದಕ್ಕೆ ಇಳಿಸಿದರು. ಅಮ್ಮ ವಾದ ಮಾಡಲಿಲ್ಲ. ಆದರೆ ಅಂದಿನಿಂದ ಆ ಒಂದು ಲೋಟದ ಪರೀಕ್ಷೆ ಬಹಳ ಬಿಗಿ. "ಮೂರಿದ್ದಾಗ ಒಂದು ಕೆಟ್ಟರೆ ಇನ್ನೆರಡು ಇರುತ್ತಿದ್ದವು. ಈಗ ಇದು ಕೆಟ್ಟರೆ ನಾಳೆ ಬೆಳಗಿನ ತನಕ ಕಾಯಬೇಕಲ್ಲ" ಎನ್ನುತ್ತಾರೆ. ಮಾಟುಂಗಾದಿಂದ ತಂದ ಪುಡಿ ಮೊದಲ ಮೂರು ದಿನ ಪಾಸಾಗುತ್ತದೆ. ಡಬ್ಬಿ ತಳ ಕಾಣುವ ಹೊತ್ತಿಗೆ ಅಮ್ಮ ಲೋಟವನ್ನು ಮೂಗಿನ ಹತ್ತಿರ ಹಿಡಿದು, "ಬಣ್ಣ ಇದೆ. ಪರಿಮಳ ಯಾವ ಕಡೆ ಹೋಯಿತು?" ಎಂದು ಕೇಳಿ ಸುಮ್ಮನೆ ಕುಡಿಯುತ್ತಾರೆ. ಆ ಸುಮ್ಮನೆ ಕುಡಿಯುವುದೇ ನಮಗೆ ಕಷ್ಟ.

ಎಸ್ಪ್ರೆಸೊ ಎಂಬ ಹೆಸರು ನಮ್ಮ ವಯಸ್ಸಿನವರಿಗೆ ಹೊಸದೇನಲ್ಲ. 1980ರ ದಶಕದ ಮದುವೆಗಳಲ್ಲಿ ಚಪ್ಪರದ ಮೂಲೆಯಲ್ಲಿ ಬುಸುಗುಡುವ ಒಂದು ಯಂತ್ರ, ಅದರ ಸುತ್ತ ಮಕ್ಕಳು, ನೊರೆಯ ಮೇಲೆ ಚಿಟಿಕೆ ಕೋಕೋ ಪುಡಿ ಉದುರಿಸಿದ ಕಾಫಿ. ನಾವು ಎರಡೆರಡು ಸಲ ಸಾಲಿನಲ್ಲಿ ನಿಂತವರೇ. ಆದರೆ ಆ ಯಂತ್ರ ಮಾಡುತ್ತಿದ್ದುದು ಹಾಲಿಗೆ ಹಬೆ ಹಾಯಿಸುವ ಕೆಲಸವೊಂದನ್ನೇ. ಲೋಟದಲ್ಲಿ ಇರುತ್ತಿದ್ದುದು ನೀರಲ್ಲಿ ಕರಗುವ ಇನ್‌ಸ್ಟಂಟ್ ಪುಡಿ. ಮಗ ಹೇಳುವ ಎಸ್ಪ್ರೆಸೊ ಬೇರೆಯೇ ಜಾತಿ.

ಇಟಲಿಯವರು ಇದರ ಹಿಂದೆ ಬಿದ್ದು ಬಹಳ ಕಾಲವಾಯಿತು. ಟ್ಯೂರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲೇ ಹಬೆಯ ಬಲದಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಬರಿಯ ಹಬೆಯ ಒತ್ತಡ ಸಾಲದು, ಕಾಫಿಯೂ ಸುಟ್ಟಂತಾಗುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಾನಿನ ಅಕಿಲೆ ಗಾಜಿಯಾ ಸನ್ನೆಕೋಲು ಎಳೆದು ಬಿಸಿನೀರನ್ನೇ ಒತ್ತುವ ಯಂತ್ರಗಳನ್ನು ಪೇಟೆಗೆ ತಂದ ನಂತರವೇ ಕಾಫಿಯ ಮೇಲೆ ಜೇನಿನ ಬಣ್ಣದ ಆ ಕೆನೆ ಕಟ್ಟತೊಡಗಿದ್ದು. ಇಂದಿನ ಲೆಕ್ಕ ಸುಮಾರಾಗಿ ಹೀಗಿದೆ: ನುಣ್ಣಗೆ ಬೀಸಿದ 18 ಗ್ರಾಂ ಪುಡಿಯನ್ನು ಒತ್ತಿ ತುಂಬಬೇಕು, 90ರಿಂದ 96 ಡಿಗ್ರಿ ಕಾವಿನ ನೀರು 9 ಬಾರ್ ಒತ್ತಡದಲ್ಲಿ ಹಾಯಬೇಕು, 25–30 ಸೆಕೆಂಡಿನಲ್ಲಿ 36 ಗ್ರಾಂ ಕಾಫಿ ಇಳಿಯಬೇಕು. ನಮ್ಮ ಫಿಲ್ಟರಿನಲ್ಲಿ ಭೂಮಿಯ ಸೆಳೆತ ರಾತ್ರಿಯೆಲ್ಲ ನಿಧಾನವಾಗಿ ಮಾಡುವ ಕೆಲಸವನ್ನು ಅಲ್ಲಿ ಪಂಪು ಅರ್ಧ ನಿಮಿಷದಲ್ಲಿ ಮುಗಿಸುತ್ತದೆ.

ಇದನ್ನೆಲ್ಲ ಮಗ ಅಜ್ಜಿಗೆ ಬಿಡಿಸಿ ಹೇಳಿದ. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಳೆಯುವುದು ಕರ್ನಾಟಕದಲ್ಲಿ, ಹೊರಗೆ ಕಳಿಸುವ ಕಾಫಿಗೆ ಇಟಲಿ ಬಹು ದೊಡ್ಡ ಗಿರಾಕಿ, ಕೊಡಗಿನ ರೊಬಸ್ಟಾ ಅವರ ಎಸ್ಪ್ರೆಸೊಗೆ ಕೆನೆ ಕಟ್ಟಿಕೊಡುತ್ತದೆ ಎಂದೂ ಸೇರಿಸಿದ. ಅಮ್ಮ ಕೇಳಿಸಿಕೊಂಡು, "ಹಾಗಾದರೆ ನಮ್ಮ ಬೀಜವೇ ಪರದೇಶಕ್ಕೆ ಹೋಗಿ ಓದು ಕಲಿತು ಬಂದಿದೆ ಅನ್ನು" ಎಂದರು. ಹುಡುಗನಿಗೆ ಅದು ಒಪ್ಪಿಗೆಯಂತೆ ಕೇಳಿಸಿತು. ನಮಗೆ ಹಾಗೆ ಕೇಳಿಸಲಿಲ್ಲ.

ಮುಂದಿನ ವಾರ ಮೂವರೂ ಅಂಗಡಿ ಸುತ್ತಿದೆವು. ಹತ್ತು ಸಾವಿರದ ಒಳಗಿನದೂ ಇದೆ, ಲಕ್ಷ ದಾಟಿದ್ದೂ ಇದೆ. ಪೆಟ್ಟಿಗೆಗಳ ಮೇಲೆ 15 ಬಾರ್, 20 ಬಾರ್ ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿರುತ್ತಾರೆ. ಅದು ಪಂಪಿನ ಶಕ್ತಿ. ಪುಡಿಯ ಮೇಲೆ ಬೇಕಾದ್ದು 9 ಮಾತ್ರ. ಆದ್ದರಿಂದ ಆ ಸಂಖ್ಯೆಗೆ ಮರುಳಾಗಬೇಕಾದ್ದಿಲ್ಲ. ಕಡಿಮೆ ಬೆಲೆಯ ಹೆಚ್ಚಿನ ಯಂತ್ರಗಳಲ್ಲಿ ಪುಡಿ ತುಂಬುವ ಜಾಲರಿಗೆ ಎರಡು ಪದರ, ಹೊರಪದರಕ್ಕೆ ಸೂಜಿಮೊನೆಯಷ್ಟೇ ರಂಧ್ರ. ಪುಡಿ ಹಳತಿರಲಿ, ದಪ್ಪವಿರಲಿ, ಆ ರಂಧ್ರದಿಂದ ಚಿಮ್ಮುವಾಗ ನೊರೆ ಬಂದೇ ಬರುತ್ತದೆ. ನೋಡುವುದಕ್ಕೆ ಚೆಂದ, ಆದರೆ ಆ ನೊರೆ ಒತ್ತಡದ ಆಟವೇ ಹೊರತು ಕಾಫಿಯ ಗುಣವಲ್ಲ. ಒಂದೇ ಪದರದ ಜಾಲರಿ ಕೊಂಡರೆ ಪುಡಿಯ ಬಣ್ಣ ಬಯಲು. ಪುಡಿ ಒಂದಿಷ್ಟು ದಪ್ಪವಾದರೆ ನೀರು ದಡದಡನೆ ಇಳಿದು ಹುಳಿಹುಳಿ, ಒಂದಿಷ್ಟು ನುಣುಪಾದರೆ ತೊಟ್ಟಿಕ್ಕಿ ಕಹಿ. ಯಂತ್ರಕ್ಕೆ ಎಷ್ಟು ಸುರಿದರೂ ಬೀಸುವುದು ಸರಿಯಿಲ್ಲದಿದ್ದರೆ ಅಷ್ಟೂ ದಂಡ ಎನ್ನುವುದು ನಮಗೆ ಅಲ್ಲೇ, ಆ ಅಂಗಡಿಯಲ್ಲೇ, ಮನದಟ್ಟಾಯಿತು.

ಹಾಗಾದರೆ ಮನೆಯ ಮಿಕ್ಸಿ ಸಾಲದೆ? ಸಾಲದು. ಮಿಕ್ಸಿಯ ಅಲಗು ಬೀಜವನ್ನು ಕೊಚ್ಚುತ್ತದೆ, ಬೀಸುವುದಿಲ್ಲ. ತಳದಲ್ಲಿ ಧೂಳು, ಮೇಲೆ ತರಿ. ಎರಡೂ ಒಂದೇ ಲೋಟಕ್ಕೆ ಬಂದರೆ ಕಹಿಯೂ ಚಪ್ಪೆಯೂ ಜೊತೆಜೊತೆ. ಕಾಫಿ ಗ್ರೈಂಡರಿನ ಒಳಗೆ ಹಲ್ಲಿರುವ ಎರಡು ಉಕ್ಕಿನ ಬಿಲ್ಲೆಗಳೋ, ಒಂದರೊಳಗೊಂದು ಕೂರುವ ಶಂಕುಗಳೋ ಇರುತ್ತವೆ. ನಡುವಿನ ಸಂದನ್ನು ತಿರುಗಿಸಿ ಹಿಗ್ಗಿಸಬಹುದು, ಕುಗ್ಗಿಸಬಹುದು. ಆ ಸಂದಿಗಿಂತ ದಪ್ಪದ ಕಾಳು ಹೊರಗೆ ಬರುವಂತಿಲ್ಲ. ಅಮ್ಮನಿಗೆ ಇದನ್ನು ವಿವರಿಸುವ ಕಷ್ಟವೇ ಆಗಲಿಲ್ಲ. "ಬೀಸುವ ಕಲ್ಲು ಅನ್ನಿ" ಎಂದುಬಿಟ್ಟರು. ಹಾಸನದ ಮನೆಯಲ್ಲಿ ಬಾಣಲೆಯಲ್ಲಿ ಬೀಜ ಹುರಿದು, ಮೇಜಿನ ಅಂಚಿಗೆ ಬಿಗಿದ ಕೈಯಂತ್ರದಲ್ಲಿ ಬೀಸುತ್ತಿದ್ದರಂತೆ. ಬೆಳಗ್ಗೆ ಅದರ ಹಿಡಿ ತಿರುಗಿಸುವ ಪಾಳಿ ಚಿಕ್ಕ ಹುಡುಗಿಯದು, ಅಂದರೆ ಇವರದೇ. ಐವತ್ತಾರು ವರ್ಷ ಪುಡಿಯನ್ನು ಅಂಗಡಿಯಿಂದ ತಂದು, ಈಗ ಮತ್ತೆ ಬೀಜದ ಮಾತು ಬಂದದ್ದಕ್ಕೆ ಅವರ ಕಣ್ಣಲ್ಲಿ ಒಂದು ಬೆಳಕು ಕಂಡಿತು.

ಯಂತ್ರದ ಕಾಫಿಯ ರುಚಿ ನೋಡದೆ ತೀರ್ಮಾನ ಬೇಡವೆಂದು ಪುಣೆಗೂ ಹೋಗಿ ಬಂದೆವು. ಮಗನ ಗೆಳೆಯನ ಮನೆಯಲ್ಲಿ ಒಳ್ಳೆಯ ಯಂತ್ರವೇ ಇದೆ. ಮೊಟ್ಟೆಯ ಚಿಪ್ಪಿನಷ್ಟಿರುವ ಬಟ್ಟಲಲ್ಲಿ ಎರಡು ಗುಟುಕು ಕಾಫಿ ಮುಂದೆ ಬಂದಾಗ ಅಮ್ಮ ಅಭ್ಯಾಸಬಲದಿಂದ ಬಲಗೈ ಬೊಗಸೆ ಮಾಡಿ, "ಉದ್ಧರಣೆ ಎಲ್ಲಿಟ್ಟೆಯೋ ಪುಟ್ಟಾ?" ಎಂದರು. ಮನೆಯೆಲ್ಲ ನಕ್ಕಿತು. ಒಂದು ಗುಟುಕು ರುಚಿ ನೋಡಿ, ಅವತ್ತಿನ ಲೋಟದ ಲೆಕ್ಕದಲ್ಲಿ ಅದನ್ನೇ ಜಮಾ ಮಾಡಿಕೊಂಡರು. ಪರಿಮಳಕ್ಕೆ ಪೂರ್ತಿ ಅಂಕ ಕೊಟ್ಟರು. ಹಾಲು ಬೆರೆಸಿದ್ದಕ್ಕೆ ಮಾತ್ರ ಕೊಡಲಿಲ್ಲ. ಹಬೆಯಿಂದ ಹಾಲು ನೊರೆಸುವವರು 60–65 ಡಿಗ್ರಿಗೇ ನಿಲ್ಲಿಸುತ್ತಾರೆ, ಅದಕ್ಕಿಂತ ಕಾದರೆ ನೊರೆಯ ನಯ ಕೆಡುತ್ತದೆ. ತುಟಿ ಸುಡದ ಕಾಫಿ ಅಮ್ಮನ ಪ್ರಕಾರ ಆರಿದ ಕಾಫಿ.

ನಮಗೆ ಕಂಡ ತೊಡಕು ಬೇರೆ. ಅಲ್ಲಿ ನಾವು ಆರು ಜನ ಇದ್ದೆವು. ಪ್ರತಿ ಸಲ ಪುಡಿ ತುಂಬು, ಒತ್ತು, ಇಳಿಸು, ತೊಳೆ. ಒಂದೇ ಬಾಯ್ಲರಿನ ಯಂತ್ರವಾದ್ದರಿಂದ ಕಾಫಿ ಇಳಿಸಿದ ಮೇಲೆ ಹಬೆಗೆ ಕಾಯಬೇಕು. ಆರನೆಯವರಿಗೆ ಕಾಫಿ ಸಿಗುವಾಗ ಮೊದಲನೆಯವರು ಹೊರಡಲು ಎದ್ದಿದ್ದರು. ಆತಿಥೇಯ ಹುಡುಗ ಇಡೀ ಹೊತ್ತು ನಮಗೆ ಬೆನ್ನು ಮಾಡಿಯೇ ನಿಂತಿದ್ದ, ಪಾಪ. ನಮ್ಮ ಮನೆಗೆ ಸಂಘದ ಸಭೆ ಮುಗಿಸಿ ಹತ್ತು ಹನ್ನೆರಡು ಮಂದಿ ಒಟ್ಟಿಗೆ ಬರುವುದು ಅಪರೂಪವಲ್ಲ. ದೊಡ್ಡ ಫಿಲ್ಟರಿನಲ್ಲಿ ಡಿಕಾಕ್ಷನ್ ಇದ್ದರೆ ಹಾಲು ಕಾಯುವಷ್ಟರಲ್ಲಿ ಎಲ್ಲರ ಕೈಗೂ ಲೋಟ. ಮಾತಿನ ನಡುವೆ ಕಾಫಿ ಬರಬೇಕು. ಕಾಫಿಗಾಗಿ ಮಾತು ನಿಲ್ಲುವುದು ನಮ್ಮಂಥವರ ಮನೆಗೆ ಒಗ್ಗುವುದಿಲ್ಲ.

ಇನ್ನು ಚಿಕೋರಿ. ಅಂಗಡಿಯ ಪುಡಿಯಲ್ಲಿ ಅದು ಬೆರೆತೇ ಬರುತ್ತದೆ. ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಬಾರದೆಂದಷ್ಟೇ ಕಾನೂನು. ಫಿಲ್ಟರಿನಲ್ಲಿ ಚಿಕೋರಿ ನೀರನ್ನು ತಡೆದು ಡಿಕಾಕ್ಷನ್ನನ್ನು ಮಂದ ಮಾಡುತ್ತದೆ, ಎಸ್ಪ್ರೆಸೊ ಯಂತ್ರದಲ್ಲಿ ಅಂಟಂಟಾಗಿ ದಾರಿಯನ್ನೇ ಕಟ್ಟಿಬಿಡುತ್ತದೆ. ಬೀಜ ಮನೆಯಲ್ಲೇ ಬೀಸಿದರೆ ಈ ಜಗಳ ಇಲ್ಲ. ಅಮ್ಮನ ಪುಡಿಗೆ ಚಿಕೋರಿಯನ್ನು ಬೇರೆ ತಂದು ಚಮಚದಲ್ಲಿ ಅಳೆದು ಹಾಕಬಹುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿದೆ. ರೊಬಸ್ಟಾದಲ್ಲಿ ಕೆಫೀನು ಅರೇಬಿಕಾದ ಸುಮಾರು ಎರಡರಷ್ಟು. ಅಂಗಡಿಯ ಮಿಶ್ರಣದಲ್ಲಿ ಯಾವುದೆಷ್ಟು ಎಂದು ಕೇಳಿದರೆ ಅವನು ಹೇಳಿದ್ದೇ ಲೆಕ್ಕ. ಬೀಜವನ್ನೇ ತಂದರೆ ಅಮ್ಮನ ಲೋಟಕ್ಕೆ ಬರಿಯ ಅರೇಬಿಕಾ ಎಂದು ನಾವೇ ನಿಶ್ಚಯಿಸಬಹುದು. ಡಾಕ್ಟರಿಗೆ ಇದನ್ನು ಹೇಳಿದಾಗ ತಲೆಯಾಡಿಸಿದರು, ಆದರೆ ಲೋಟ ಒಂದೇ ಎಂದರು.

ಕೊನೆಗೆ ಮಗನ ಮುಂದೆ ನಮ್ಮ ಮಾತು ಇಟ್ಟೆವು: ನಿನ್ನ ಮೊದಲ ಸಂಬಳದಲ್ಲಿ ಗ್ರೈಂಡರು ಬರಲಿ, ಒಳ್ಳೆಯದೇ ಬರಲಿ, ಯಂತ್ರ ದೀಪಾವಳಿಗೆ ನೋಡೋಣ. ಒಂದು ಗಳಿಗೆ ಮುಖ ಸಣ್ಣದಾಯಿತು. "ಪರವಾಗಿಲ್ಲ ಕಣೋ, ಮೊದಲು ಕಲ್ಲು, ಆಮೇಲೆ ಒಲೆ" ಎಂದು ಅಜ್ಜಿ ಹೇಳಿದ ಮೇಲೆ ಸಮಾಧಾನವಾಯಿತು. ಎಸ್ಪ್ರೆಸೊದಷ್ಟು ನುಣ್ಣಗೂ ಫಿಲ್ಟರಿಗೆ ಬೇಕಾದಷ್ಟು ತರಿಯಾಗಿಯೂ ಬೀಸುವಂಥದನ್ನು ಹುಡುಕಿ ಅವನೇ ತಂದ. ಮೊದಲ ವಾರ ಪುಡಿ ನುಣುಪಾಗಿ ಫಿಲ್ಟರು ರಾತ್ರಿಯಿಡೀ ಬಿಗುಮಾನದಿಂದ ಕೂತಿತ್ತು. ನಾಲ್ಕೈದು ಸಲ ತಿರುಗಿಸಿ ನೋಡಿ ಸರಿಯಾದ ಕಡೆ ಅಮ್ಮ ಕುಂಕುಮದ ಬೊಟ್ಟಿಟ್ಟರು. ಅದು ಎರಡು ದಿನಕ್ಕೆ ಅಳಿಸಿತು. ಈಗ ಕೆಂಪು ಉಗುರುಬಣ್ಣದ ಬೊಟ್ಟಿದೆ. ಬೆಳಗ್ಗೆ ಬೀಜ ಅಳೆದು ಹಾಕುವ ಪಾಳಿ ಮತ್ತೆ ಅವರದೇ. ಪರಿಮಳದ ಪ್ರಶ್ನೆ ಬಂದು ಮೂರು ವಾರವಾಯಿತು.

ಯಂತ್ರದ ಆಸೆಯನ್ನು ಮಗ ಬಿಟ್ಟಿಲ್ಲ. ಕಟ್ಟೆಯ ಅಳತೆ ತೆಗೆದುಕೊಂಡು ಹೋಗಿದ್ದಾನೆ. ಫಿಲ್ಟರಿನ ಒಂದು ಮೊಳ ಬಿಟ್ಟು, ಮಿಕ್ಸಿಯನ್ನು ಮೇಲಿನ ಹಲಗೆಗೆ ಏರಿಸಿದರೆ ಆಗುತ್ತದಂತೆ. ಅಲ್ಲಿರುವ ಪ್ಲಗ್ಗು ಆರು ಆಂಪಿಯರಿನದು. ಹದಿನಾರು ಆಂಪಿಯರಿನದು ಹಾಕಿಸಬೇಕು. ಎಲೆಕ್ಟ್ರಿಶಿಯನ್ ಬರುವ ಭಾನುವಾರ ಬರುತ್ತೇನೆಂದಿದ್ದಾನೆ.