ಕುಕ್ಕರಹಳ್ಳಿಯ ಏರಿಯ ಮೇಲೆ

ಕಳೆದ ಆಷಾಢದಲ್ಲಿ ನಾವು ಮೈಸೂರಿಗೆ ಹೋಗಿದ್ದಾಗ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಸಂಚರಿಸಿ ಮಾನಸಗಂಗೋತ್ರಿಯನ್ನು ನೋಡಿಬಂದೆವು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಈ ಕ್ಷೇತ್ರಕ್ಕೆ ಆ ಮಧುರನಾಮವನ್ನಿತ್ತವರು ಕುವೆಂಪುರವರು.

ಪೂರ್ವದಲ್ಲಿ ಶುಲ್ಕವನ್ನು ಸಲ್ಲಿಸಲು ವಿದ್ಯಾರ್ಥಿಗಳು ಚಲನ್ ಹಿಡಿದು ಬ್ಯಾಂಕಿನ ಮುಂದೆ ಅರ್ಧದಿನ ನಿಲ್ಲಬೇಕಾಗಿದ್ದಿತು. 2016ರಲ್ಲಿ ಯುಪಿಐ ಪದ್ಧತಿಯು ಬಂದಮೇಲೆ, ನಾಡಿನ ವಿದ್ಯಾಲಯಗಳಲ್ಲಿ ಆ ಸಾಲು ಕ್ರಮೇಣ ಕರಗುತ್ತ ಬಂದಿತು. ಈಗ ಮರದ ನೆರಳಿನಲ್ಲಿ ಕುಳಿತೇ ಫೋನಿನಿಂದ ಹಣ ಕಟ್ಟುವರು.

ಅಂಥದೊಂದು ನೆರಳಿನಲ್ಲಿ ಒಬ್ಬ ರೈತನೂ ಅವನ ಮಗಳೂ ಖಿನ್ನರಾಗಿ ಕುಳಿತಿದ್ದರು. ಊರಾಚೆಯ ಕಾಲೇಜೊಂದಕ್ಕೆ ಕಟ್ಟಿದ ಶುಲ್ಕವು ಖಾತೆಯಿಂದ ಕಳೆದಿದ್ದಿತು. ರಶೀದಿ ಮಾತ್ರ ಬಂದಿರಲಿಲ್ಲ. ಮರುದಿನವೇ ಕಡೆಯ ದಿನ. “ರಾಗಿ ಮಾರಿದ ದುಡ್ಡು ಸ್ವಾಮಿ, ಎಲ್ಲಿ ಹೋಯಿತು?” ಎಂದು ಆತನು ಕೇಳಿದನು.

ಹೀಗೆ ನಡುವೆ ನಿಂತ ಹಣವು ಐದು ದಿನಗಳೊಳಗೆ ಕಟ್ಟಿದವರ ಖಾತೆಗೆ ತಾನಾಗಿ ಮರಳಬೇಕೆಂದೂ, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂದೂ ರಿಸರ್ವ್ ಬ್ಯಾಂಕು 2019ರಲ್ಲಿ ವಿಧಿಸಿದೆ. ಇದನ್ನು ತಿಳಿಸಿದೆವು. ಆದರೆ ಕಾಲೇಜಿನ ಗಡುವು ಐದು ದಿನ ಕಾಯುವುದೇ? ವ್ಯವಹಾರದ ಸಂಖ್ಯೆಯನ್ನು ನಮೂದಿಸಿ, ಅವಧಿಯನ್ನು ಬೇಡಿ ಒಂದು ಅರ್ಜಿಯನ್ನು ನಾವೇ ಬರೆದುಕೊಟ್ಟೆವು. ಒಂದು ವಾರದ ಅವಕಾಶ ದೊರೆಯಿತೆಂದು ಮರುದಿನ ಸಂಜೆ ಆ ಬಾಲಿಕೆಯಿಂದ ವರ್ತಮಾನ ಬಂದಿತು.

ಗೃಹಸ್ಥರಲ್ಲಿ ನಮ್ಮ ಬಿನ್ನಹವಿಷ್ಟೆ: ಶುಲ್ಕವನ್ನು ಕಡೆಯ ದಿನಕ್ಕೆ ಉಳಿಸಬೇಡಿರಿ, ವ್ಯವಹಾರದ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿರಿ. ಹಣವನ್ನು ಯಂತ್ರವೇ ಮರಳಿಸೀತು; ಅವಧಿಯನ್ನು ಕೊಡಬೇಕಾದವರು ಮನುಷ್ಯರು.