ಬೇಡವೆಂದು ತೆಗೆದ ಕವಾಟ

ನಮ್ಮ ದೊಡ್ಡಆಲಹಳ್ಳಿ ಬಿಸಿಲಿನ ಊರು. ಕನಕಪುರದಿಂದ ಸಂಗಮದ ಕಡೆಗೆ ಹೋಗುವವರು ಇಲ್ಲಿ ಗಾಡಿಯನ್ನು ನಿಲ್ಲಿಸಿ ನೀರು ಕೇಳುವುದುಂಟು. ಬೆಂಕಿ ಕೇಳಿದವರನ್ನು ನಾನು ಕಂಡಿಲ್ಲ. ಇಂಥ ಊರಿನವನು ಕಾರಿನೊಳಗಿನ ಹೀಟರನ್ನು ಕುರಿತು ಬರೆಯಹೊರಟರೆ ವಾಚಕರಿಗೆ ನಗು ಬಂದೀತು. ನನಗೂ ಕಳೆದ ಪುಷ್ಯಮಾಸದವರೆಗೆ ಅದು ನಗೆಯ ಮಾತೇ ಆಗಿತ್ತು. ನಮ್ಮ ಹಳೆಯ ಕಾರಿನಲ್ಲಿ ಕೆಂಪು ಗುರುತಿನ ಆ ಗುಂಡಿಯನ್ನು ನಾನು ಒಮ್ಮೆಯೂ ತಿರುಗಿಸಿದವನಲ್ಲ.

ಆ ತಿಂಗಳು ತಾಯಿಯವರನ್ನು ಕರೆದುಕೊಂಡು ನೀಲಗಿರಿಯಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಗುಂಡ್ಲುಪೇಟೆ, ಬಂಡೀಪುರಗಳನ್ನು ದಾಟಿ ಗೂಡಲೂರಿನ ಘಾಟಿಯನ್ನು ಹತ್ತಿದರೆ ಉದಕಮಂಡಲ. 7,000 ಅಡಿಗಳಿಗೂ ಮೇಲಿರುವ ಊರು. ತಂಗಿಯ ಮನೆ ಅದರಾಚೆಯ ಒಂದು ಹಳ್ಳಿಯಲ್ಲಿ. ಮೂರನೆಯ ರಾತ್ರಿ ಕೊನೆಯ ಜಾವದಲ್ಲಿ ತಾಯಿಯವರಿಗೆ ಉಬ್ಬಸ ಕೆರಳಿತು. ಹೊರಗೆ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಹಿಮ ಬಿದ್ದಿತ್ತು. ಆಸ್ಪತ್ರೆಗೆ ಅರ್ಧ ಗಂಟೆಯ ಇಳಿಜಾರಿನ ದಾರಿ. ಗುಂಡಿಯನ್ನು ಕೆಂಪಿನ ಕೊನೆಗೆ ತಿರುಗಿಸಿದೆ. ಬಂದದ್ದು ತಣ್ಣನೆಯ ಗಾಳಿ. ಎಂಜಿನ್ನು ಕಾಯಲಿ ಎಂದು ತಾಳಿದೆ. ದಾರಿಯೆಲ್ಲ ಸವೆದರೂ ಅದೇ ಗಾಳಿ.

“ಅಣ್ಣಾ, ಅದನ್ನು ನಿಲ್ಲಿಸಿಬಿಡು” ಎಂದಳು ತಂಗಿ. ಇದ್ದ ಕಂಬಳಿಗಳನ್ನೆಲ್ಲ ತಾಯಿಗೆ ಹೊದಿಸಿ ಅವರ ಅಂಗೈಗಳನ್ನು ಉಜ್ಜುತ್ತಿದ್ದಳು. ಆ ಉಸಿರಿನ ಸಿಳ್ಳು ಈಗಲೂ ನನ್ನ ಕಿವಿಯಲ್ಲಿದೆ. ವೈದ್ಯರು ಔಷಧದ ಆವಿಯನ್ನು ಕೊಟ್ಟಮೇಲೆ ಉಸಿರು ಹದಕ್ಕೆ ಬಂತು.

ಮಾರನೆಯ ಬೆಳಗ್ಗೆ ಒಬ್ಬ ಮೆಕ್ಯಾನಿಕರನ್ನು ಕರೆತಂದೆ. ಅವರ ಬಡಗ ಮಾತು ನಮ್ಮ ಕನ್ನಡಕ್ಕೆ ಹತ್ತಿರವಾದುದರಿಂದ ಹೇಳಿದ್ದು ಬಹುಮಟ್ಟಿಗೆ ತಿಳಿಯಿತು. ಹೀಟರಿಗೆ ಬೇರೆ ಒಲೆಯಿಲ್ಲ. ಎಂಜಿನ್ನನ್ನು ಸುತ್ತಿ ಕಾದ ನೀರೇ ಒಂದು ಚಿಕ್ಕ ರೇಡಿಯೇಟರಿನೊಳಗೆ ಹರಿಯುತ್ತದೆ. ಅದರ ಮೇಲಿಂದ ಬೀಸಿದ ಗಾಳಿ ಬಿಸಿಯಾಗುತ್ತದೆ. ನೀರು ಕಡಮೆಯಾದರೆ ಗಾಳಿ ತಣ್ಣಗಾಗುವುದೆಂದು ಅವರು ಮೊದಲು ಅದನ್ನೇ ನೋಡಿದರು. ಎಂಜಿನ್ನು ಆರಿದ್ದಾಗಲೇ ಮುಚ್ಚಳ ತೆಗೆಯಬೇಕು, ಕಾದಿರುವಾಗ ತೆಗೆದರೆ ಮುಖ ಬೆಂದೀತು ಎಂದು ಎಚ್ಚರಿಸಿದರು. ನೀರು ತುಂಬಿತ್ತು. ಬಳಿಕ ಎಂಜಿನ್ನನ್ನು ಬಹಳ ಹೊತ್ತು ಓಡಿಸಿ, ಹೀಟರಿಗೆ ಹೋಗುವ ಎರಡು ರಬ್ಬರು ಕೊಳವೆಗಳನ್ನು ಮುಟ್ಟಿದರು. ಒಂದು ಸುಡುತ್ತ ಇನ್ನೊಂದು ತಣ್ಣಗಿದ್ದರೆ ನಡುವೆ ಕಸ ಕಟ್ಟಿದೆಯೆಂದು ಅರ್ಥ. ಇಲ್ಲಿ ಎರಡೂ ಉಗುರುಬೆಚ್ಚಗಿದ್ದವು. ಶಾಖವನ್ನು ತೋರಿಸುವ ಮುಳ್ಳು ತಳವನ್ನು ಬಿಟ್ಟೆದ್ದಿರಲಿಲ್ಲ. “ಥರ್ಮೋಸ್ಟಾಟ್ ಇದೆಯೋ?” ಎಂದು ಕೇಳಿದರು.

ನಾನು ತಲೆತಗ್ಗಿಸಿದೆ. ಎರಡು ಬೇಸಗೆಗಳ ಹಿಂದೆ ಎಂಜಿನ್ನು ಕುದಿದಾಗ, ರಿಪೇರಿಯವನೊಬ್ಬನು ಆ ಕವಾಟವನ್ನು ಕಿತ್ತು ನನ್ನ ಕೈಗಿತ್ತು, “ನಮ್ಮ ಸೀಮೆಗೆ ಇದು ಬೇಡ ಸ್ವಾಮಿ” ಎಂದಿದ್ದನು. ಹೊಸದರ ಖರ್ಚು ಉಳಿಯಿತೆಂದು ನಾನೂ ಹಿಗ್ಗಿದ್ದೆನು.

ಆ ಕವಾಟದೊಳಗೆ ಚಿಟಿಕೆಯಷ್ಟು ಮೇಣವಿರುತ್ತದೆ. ನೀರು ಸುಮಾರು 80 ಡಿಗ್ರಿ ಸೆಂಟಿಗ್ರೇಡಿಗೆ ಕಾಯುವವರೆಗೆ ಅದು ದೊಡ್ಡ ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ಅನಂತರ ಮೇಣ ಕರಗಿ, ಹಿಗ್ಗಿ, ದಾರಿ ಬಿಡುತ್ತದೆ. ಅದಿಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ಹೊರಗಿನ ಗಾಳಿಗೆ ಸಿಕ್ಕಿ ಆರುತ್ತಿರುತ್ತದೆ. ಎಂಜಿನ್ನು ಹದಕ್ಕೆ ಬಾರದೆ ಸವೆಯುತ್ತದೆ, ಪೆಟ್ರೋಲನ್ನೂ ಹೆಚ್ಚು ಕುಡಿಯುತ್ತದೆ. ಎರಡು ವರ್ಷಗಳಿಂದ ನಾನು ಪೆಟ್ರೋಲು ಮಾರುವವರನ್ನು ಬೈಯುತ್ತಿದ್ದುದು ವ್ಯರ್ಥವಾಯಿತು.

ತಾಯಿಯವರಿಗೆ ಇದನ್ನೆಲ್ಲ ವಿವರಿಸಿದೆ. ಅವರು ಹಾಸಿಗೆಯಲ್ಲಿ ಒರಗಿಕೊಂಡು, “ಹಂಡೆಗೆ ಉರಿ ಹಾಕುತ್ತ ಹಾಕುತ್ತಲೇ ತಣ್ಣೀರು ಸುರಿದರೆ ನೀರು ಕಾಯುತ್ತದೆಯೇನಪ್ಪ? ಇದಕ್ಕೆ ಇಷ್ಟು ದೂರ ಬರಬೇಕಾಯಿತೇ?” ಎಂದರು.

ಮೆಕ್ಯಾನಿಕರು ರೇಡಿಯೇಟರಿನ ಮುಂದೆ ಅರ್ಧಕ್ಕೆ ರಟ್ಟನ್ನು ಕಟ್ಟಿ, ಮುಳ್ಳಿನ ಮೇಲೆ ಕಣ್ಣಿಡಬೇಕೆಂದೂ, ಘಾಟಿ ಇಳಿದೊಡನೆ ರಟ್ಟನ್ನು ತೆಗೆಯಬೇಕೆಂದೂ ಹೇಳಿ ಕಳುಹಿಸಿದರು. ಊರಿಗೆ ಹಿಂದಿರುಗುವಾಗ ತಾಯಿಯವರ ಪಾದಗಳಿಗೆ ಬೆಚ್ಚನೆಯ ಗಾಳಿ ತಾಗಿತು. ಕನಕಪುರದಲ್ಲಿ ಹೊಸ ಕವಾಟವನ್ನು ಹಾಕಿಸುವಾಗ, ನಮ್ಮ ಸೆಕೆಗೆ ಇದೇಕೆಂದು ಅಲ್ಲಿದ್ದವರು ಕೇಳಿದರು. ನಾನು ವಾದಿಸಲಿಲ್ಲ. ನನಗೆ ಬೇಡವಾದುದು ನನ್ನ ಹಿಂದೆ ಕುಳಿತವರಿಗೆ ಬೇಕಾಗಬಹುದೆಂಬುದನ್ನು ಒಂದು ಇರುಳು ಕಲಿಸಿತ್ತು. ಈಗ ತಿಂಗಳಿಗೊಮ್ಮೆ, ಬಿಸಿಲಿದ್ದರೂ ಸರಿ, ಆ ಕೆಂಪು ಗುಂಡಿಯನ್ನು ತಿರುಗಿಸಿ ಗಾಳಿಗೆ ಕೈಯೊಡ್ಡಿ ನೋಡುತ್ತೇನೆ.